ಬಾಗಿಲು ಕ್ಲಬ್ಬಿನ ಕೊನೆಯ ಮೊಳೆ

ಬೋರ್ಡಿನ ಮೇಲೆ ‘ನೆರೆಹೊರೆ ಸೇವಾ ಕ್ಲಬ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ. ಬರೆದಿದ್ದರೆ ಬರೆದಿರಲಿ, ಹಾಗೆ ಕರೆಯುವವರು ಒಬ್ಬರೂ ಇಲ್ಲ. ಊರಿಗೆಲ್ಲ ಅದು ಬಾಗಿಲು ಕ್ಲಬ್ಬು. ಅದು ಹುಟ್ಟಿದ್ದೇ ಒಂದು ಬಾಗಿಲಿನ ದೆಸೆಯಿಂದ. ಟೈಲರಕ್ಕನಿಗೆ ಆ ಕಥೆ ಬಾಯಿಪಾಠ. ಆಗದೆ ಇರುತ್ತದೆಯೇ, ಅವಳು ಹುಟ್ಟಿದ ಕಥೆಯೂ ಅದೇ ತಾನೇ!

ಐವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೇಕರಿಯವನ ಹೆಂಡತಿಗೆ ಹೆರಿಗೆ ನೋವು ಬಂತು. ಆಸ್ಪತ್ರೆ ದೂರವಿರಲಿಲ್ಲ, ಆದರೆ ಆಕೆಗೆ ಒಂದು ಹೆಜ್ಜೆಯೂ ಇಡಲಾಗಲಿಲ್ಲ, ಗಾಡಿ ಯಾವುದೂ ಸಿಗಲಿಲ್ಲ. ಬೇಕರಿಯವನಿಗೆ ಕೈಕಾಲೇ ಆಡದು. ಅಕ್ಕಪಕ್ಕದ ನಾಲ್ವರು ಬೇಕರಿಯ ಬಾಗಿಲನ್ನೇ ಕಿತ್ತು, ಮೇಲೆ ಹಾಸಿಗೆ ಹಾಕಿ, ಆಕೆಯನ್ನು ಮಲಗಿಸಿ ಹೊತ್ತುಕೊಂಡು ಓಡಿದರು. ಹೆಣ್ಣು ಮಗು ಹುಟ್ಟಿತು. ನಾಲ್ವರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ ಟೀ ಕುಡಿದರು.

“ಪ್ರತಿ ಸಲ ಬಾಗಿಲು ಕೀಳೋಕಾಗುತ್ತೇನ್ರಯ್ಯಾ? ನಾವೇ ಒಂದು ಕ್ಲಬ್ಬು ಮಾಡಿ, ಸ್ಟ್ರೆಚರ್ ತಂದಿಡೋಣ” ಎಂದ ಅವರಲ್ಲೊಬ್ಬ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಪೋಸ್ಟ್‌ಮ್ಯಾನ್.

ಸರಿ, ಅಧ್ಯಕ್ಷ ಯಾರು? ನೀನಾಗು, ನಾನೊಲ್ಲೆ, ಅವನಾಗಲಿ ಎಂದು ಹಗ್ಗಜಗ್ಗಾಟವಾಯಿತು. ಕೊನೆಗೆ ಅಲ್ಲಿ ಇಲ್ಲದವನ ತಲೆಗೆ ಕಟ್ಟಿದರು. ಮಗುವನ್ನು ತೋರಿಸಲು ಹೊರಗೆ ಬಂದ ಬೇಕರಿಯವನು ಒಂದೇ ಬೆಳಿಗ್ಗೆ ಅಪ್ಪನೂ ಆದ, ಅಧ್ಯಕ್ಷನೂ ಆದ.

ಅದೇ ಪದ್ಧತಿ ನಿಂತುಬಿಟ್ಟಿತು ನೋಡಿ. ವಾರ್ಷಿಕ ಸಭೆಯಲ್ಲಿ ಹಾಜರಿ ಕೂಗುವುದು, ಹಾಜರಿ ಮುಗಿದಾಗ ಯಾರು ಒಳಗಿಲ್ಲವೋ ಅವರೇ ಆ ವರ್ಷದ ಅಧ್ಯಕ್ಷರು. ತಾನಾಗಿ ಬೇಕು ಎಂದವರಿಗೆ ಮಾತ್ರ ಸುತರಾಂ ಇಲ್ಲ. ಅಧ್ಯಕ್ಷರೆಂದರೆ ಏನು ಸುಮ್ಮನೆಯೇ? ಗಾಲಿಕುರ್ಚಿ ಬೇಕು, ಊರುಗೋಲು ಬೇಕು ಎಂದು ಯಾರು ಯಾವಾಗ ಕದ ತಟ್ಟಿದರೂ ಏಳಬೇಕು. ಆದ್ದರಿಂದ ಜಗತ್ತಿನ ಯಾವ ಕ್ಲಬ್ಬಿಗೂ ಇಲ್ಲದ ಹಾಜರಿ ಈ ಕ್ಲಬ್ಬಿಗೆ! ಜ್ವರ ಬಂದವರು ಕಂಬಳಿ ಹೊದ್ದು ಬಂದಿದ್ದಾರೆ. ಹಲ್ಲಿನ ಡಾಕ್ಟರು ಒಮ್ಮೆ ಬಾಯಿ ತೆರೆದು ಕೂತಿದ್ದವನನ್ನು “ಹಾಗೇ ಇರಿ, ಬಂದೆ” ಎಂದು ಬಿಟ್ಟು ಬಂದಿದ್ದರು.

ಇಂಥ ಬೇಡದ ಪಟ್ಟ ತನಗೆ ಬೇಕು ಎಂದು ಒಳಗೊಳಗೇ ಹಂಬಲಿಸುತ್ತಿದ್ದವಳು ಟೈಲರಕ್ಕ ಒಬ್ಬಳೇ. ಕ್ಲಬ್ಬಿನ ಬೀಗದಕೈ ಅವಳ ಸೊಂಟದಲ್ಲಿ. ಅವಳು ಬಾರದೆ ಬಾಗಿಲು ತೆಗೆಯುವುದಿಲ್ಲ, ಬಂದರೆ ಗೈರುಹಾಜರಿಯಾಗುವುದಿಲ್ಲ. ಇಷ್ಟು ವರ್ಷ ಹೋಗಲಿ ಬಿಡು ಎಂದುಕೊಂಡಿದ್ದಳು. ಈ ವರ್ಷ ಹಾಗೆ ಬಿಡಲು ಮನಸ್ಸಿಲ್ಲ. ಅಧ್ಯಕ್ಷರ ಫೋಟೋಗಳು ಬಾಗಿಲ ಪಕ್ಕದ ಅವಳಪ್ಪನಿಂದ ಶುರುವಾಗಿ, ನಾಲ್ಕೂ ಗೋಡೆ ಸುತ್ತಿ, ಮತ್ತೆ ಬಾಗಿಲ ಹತ್ತಿರ ಬಂದಿದ್ದವು. ಉಳಿದಿದ್ದು ಒಂದೇ ಮೊಳೆ. ಅದೂ ಅಪ್ಪನ ಮಗ್ಗುಲಲ್ಲೇ.

“ಅಪ್ಪ ಹೋದ ಮೇಲೆ ಅವರ ಪಕ್ಕ ಕೂರೋಕೆ ಇರೋದು ಅದೊಂದೇ ಜಾಗ ಕಣ್ರೀ” ಎಂದಳು ಗಂಡನ ಹತ್ತಿರ.

ಗಂಡನದು ಸೈಕಲ್ ಶಾಪು. “ಬೀಗದಕೈ ಇಲ್ಲಿ ಕೊಡು. ತಲೆನೋವು ಅಂತ ಮನೇಲೇ ಬಿದ್ಕೋ. ಉಳಿದಿದ್ದು ನಂಗೆ ಬಿಡು” ಎಂದ.

“ಯಾರ ಹತ್ರಾನೂ ಬಾಯಿಬಿಡಬೇಡಿ ಮತ್ತೆ!”

“ನಾನಾ? ನನ್ನ ಬಾಯಿಗೆ ಬೀಗ!”

ಆ ಬೀಗ ಎಷ್ಟು ಗಟ್ಟಿ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಸಭೆಯ ಸಂಜೆ ಅವಳು ಮನೆಯಲ್ಲಿ ಕುಳಿತಳು. ಕುಳಿತಳು ಎನ್ನುವುದು ಹೆಸರಿಗೆ. ಹೊಲಿದಿದ್ದನ್ನು ಬಿಚ್ಚಿದಳು, ಬಿಚ್ಚಿದ್ದನ್ನು ಹೊಲಿದಳು. ಪಕ್ಕದ ಕಟ್ಟಡದಿಂದ ಹಾಜರಿಯ ಕೂಗು ಕೇಳುತ್ತಿತ್ತು. “ಸೈಕಲ್ ಶಾಪು?” “ಹಾಜರ್!” ಇನ್ನೇನು, ಇನ್ನೊಂದು ಗಳಿಗೆ ಎನ್ನುವಷ್ಟರಲ್ಲಿ ಎಲೆಕ್ಟ್ರಿಷಿಯನ್ನನ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು.

“ಅಕ್ಕಾ! ನಮ್ಮೋರು ಮೀಟಿಂಗಿಗೆ ಲೇಟಾಯ್ತು ಅಂತ ಓಡೋಕೆ ಹೋಗಿ ಮೆಟ್ಟಿಲಿಂದ ಜಾರಿದ್ರು. ಕಾಲು ಮುರಿದಿದೆ ಅಂತ ಕಾಣುತ್ತೆ. ಪೈಪಿಗೆ ಅಂತ ಬೀದಿಯೆಲ್ಲ ಅಗೆದಿದಾರೆ, ಆಂಬುಲೆನ್ಸು ಮನೆ ಹತ್ರ ಬರಲ್ಲ. ಸ್ಟ್ರೆಚರ್ ಬೇಕು.”

ಸ್ಟ್ರೆಚರ್ ಇರುವುದು ಸಭೆ ನಡೆಯುವ ಹಾಲಿನಲ್ಲೇ. ಹೊಸಿಲು ದಾಟಿದರೆ ಅವಳು ಹಾಜರು. ದಾಟಿಯೇ ಬಿಟ್ಟಳು. ಯೋಚಿಸಿದ್ದು ದಾಟಿದ ಮೇಲೆ.

“ಓಹೋ, ಬಂದ್ರಲ್ಲಾ! ತಲೆನೋವು ಹೋಯ್ತಾ ಅಕ್ಕಾ?” ಎಂದ ಈಗಿನ ಅಧ್ಯಕ್ಷ, ಔಷಧಿ ಅಂಗಡಿಯವನು.

“ತಲೆ ಹಾಗಿರಲಿ, ಎಲೆಕ್ಟ್ರಿಷಿಯನ್ ಕಾಲು ಮುರ್ಕೊಂಡಿದಾನೆ. ಏಳ್ರೋ!”

ಗೋಡೆಯ ಸ್ಟ್ರೆಚರ್ ಇಳಿಸುವಾಗ ಅವಳ ಕಣ್ಣು ಆ ಖಾಲಿ ಮೊಳೆಯ ಮೇಲೆ ಬಿತ್ತು. ಈಗ ಊರಿಗೆಲ್ಲ ಗೈರುಹಾಜರಿ ಅಂದರೆ ಎಲೆಕ್ಟ್ರಿಷಿಯನ್ ಒಬ್ಬನೇ. ಥೂ, ಅವನು ಅಲ್ಲಿ ನರಳುತ್ತಿರುವಾಗ ನನ್ನದೇನು ಮೊಳೆಯ ಚಿಂತೆ ಎಂದು ತನ್ನನ್ನೇ ಬೈದುಕೊಂಡು ಓಡಿದಳು.

ಎಲೆಕ್ಟ್ರಿಷಿಯನ್ ಕೆಳಗಿನ ಮೆಟ್ಟಿಲಲ್ಲಿ ಬಿದ್ದಿದ್ದ. ಬಟ್ಟೆ ಅಳೆಯುವ ಅವಳ ಮರದ ಸ್ಕೇಲುಗಳನ್ನೇ ತರಿಸಿ, ಔಷಧಿ ಅಂಗಡಿಯವನು ಕಾಲಿಗೆ ಎರಡೂ ಕಡೆ ಕೊಟ್ಟು ಕಟ್ಟಿದ.

“ಹಾಜರಿ ಮುಗೀತಾ?” ಎಂದು ಗಾಯಾಳು ಕೇಳಿದ.

“ಇನ್ನೂ ಇಲ್ಲ, ಅರ್ಧಕ್ಕೆ ನಿಂತಿದೆ.”

“ಹಾಗಾದ್ರೆ ಮೊದಲು ನನ್ನ ಅಲ್ಲಿಗೆ ಒಯ್ಯಿರಪ್ಪಾ! ಕಾಲು ಹೋದ್ರೆ ಹೋಗ್ಲಿ, ಅಧ್ಯಕ್ಷಗಿರಿ ಬೇಡ!”

“ಮುಚ್ಚೋ ಬಾಯಿ! ಜೀವ ಹೋಗ್ತಿದ್ರೂ ಇವನಿಗೆ ಹಾಜರಿ!” ಎಂದು ಟೈಲರಕ್ಕ ಗದರಿದಳು. ನಗು ಬಂದರೂ ತಡೆದುಕೊಂಡಳು.

ಆಸ್ಪತ್ರೆಯ ದಾರಿ ಹೇಗೂ ಕ್ಲಬ್ಬಿನ ಮುಂದೆಯೇ. ಅಗೆದ ಗುಂಡಿಗಳ ನಡುವೆ ಹಿಮ್ಮುಖವಾಗಿ ಬರುತ್ತಿದ್ದ ಆಂಬುಲೆನ್ಸು ತಿಣುಕುತ್ತಿತ್ತು. “ನೀವು ಅವನನ್ನ ಸ್ವಲ್ಪ ಹೊತ್ತು ಒಳಗೆ ಇಡಿ, ನಾನು ಗಾಡಿ ಕರೀತೀನಿ” ಎಂದು ಅವಳು ಕೊರಳಿನ ಅಳತೆ ಟೇಪನ್ನು ಬಾವುಟದಂತೆ ಬೀಸುತ್ತ ರಸ್ತೆಗೆ ಹೋದಳು. “ಬನ್ನಿ, ಬನ್ನಿ, ಬಲಕ್ಕೆ! ಬಲಗೈ ಯಾವುದು ಗೊತ್ತಿಲ್ವೇನ್ರೀ?”

ಒಳಗೆ ಸ್ಟ್ರೆಚರನ್ನು ಮೇಜಿನ ಮೇಲಿಟ್ಟರು. ಮೇಜು ಅಂದರೆ ಆ ಹಳೆಯ ಬೇಕರಿ ಬಾಗಿಲೇ, ಕೆಳಗೆ ಕಾಲು ಕೊಟ್ಟಿದ್ದಾರೆ ಅಷ್ಟೆ. “ಎಲೆಕ್ಟ್ರಿಷಿಯನ್, ಹಾಜರ್!” ಎಂದು ಮಲಗಿದ್ದವನು ಕೈಯೆತ್ತಿ ಕೂಗಿದ.

ಅಂದು ಬಾಗಿಲು ಹೊತ್ತ ನಾಲ್ವರಲ್ಲಿ ಉಳಿದಿದ್ದವನು ಆ ಪೋಸ್ಟ್‌ಮ್ಯಾನ್ ಒಬ್ಬನೇ; ಈಗ ಎಲ್ಲರಿಗೂ ಪೋಸ್ಟ್ ಮಾಮ. ಅವನು ಮೂಲೆಯ ಕುರ್ಚಿಯಿಂದ ಎದ್ದು ನಿಂತ. “ಅರ್ಧ ಕೂಗಿದ ಹಾಜರಿ ಹಾಜರಿ ಅಲ್ಲ ಕಣ್ರೋ. ಮೊದಲಿಂದ ಕೂಗಿ. ಬೇಗ.”

ಕೂಗಿದರು. ಒಬ್ಬೊಬ್ಬರೂ ಹಾಜರ್. ಒಂದು ಹೆಸರಿಗೆ ಮಾತ್ರ ಉತ್ತರವಿಲ್ಲ. ಸೈಕಲ್ ಶಾಪಿನವನು ತುಟಿ ಕಚ್ಚಿಕೊಂಡು ಸೂರು ನೋಡುತ್ತಿದ್ದ.

ಹೊರಗೆ ನಿಂತಿದ್ದ ಟೈಲರಕ್ಕನಿಗೆ ಚಪ್ಪಾಳೆ ಕೇಳಿತು. ಆಯಿತು, ಎಲೆಕ್ಟ್ರಿಷಿಯನ್ನನ ಕೊರಳಿಗೆ ಕಟ್ಟಿದರು ಎಂದುಕೊಂಡಳು. ಕಣ್ಣು ತುಂಬಿತು, ಸೆರಗಿನಿಂದ ಒತ್ತಿಕೊಂಡಳು. ಗಾಡಿ ಹತ್ತಿರ ಬಂತು. ಸಿಟ್ಟೆಲ್ಲ ನಾಲಿಗೆಗೆ ತಂದುಕೊಂಡು ಒಳಗೆ ನುಗ್ಗಿದಳು. “ಕಾಲು ಮುರಿದೋನನ್ನ ಮಲಗಿಸ್ಕೊಂಡು ಚಪ್ಪಾಳೆ ಬೇರೆ! ನಿಮಗೇನು ಬುದ್ಧಿ ಇದೆಯೋ ಇಲ್ವೋ?”

“ಇದೆ ಪುಟ್ಟಿ,” ಎಂದ ಪೋಸ್ಟ್ ಮಾಮ. “ಹಾಜರಿ ಮುಗಿದಾಗ ಒಳಗಿಲ್ಲದೋಳು ನೀನೊಬ್ಬಳೇ. ಅವತ್ತು ನಿಮ್ಮಪ್ಪ ಒಳಗಿದ್ದ, ನಾವು ಹೊರಗಿದ್ವಿ. ಇವತ್ತು ನಾವು ಒಳಗೆ, ನೀನು ಹೊರಗೆ.”

ಅವಳಿಗೆ ತಟಕ್ಕನೆ ತಿಳಿಯಲಿಲ್ಲ. ಗಂಡನ ಮುಖ ನೋಡಿದಳು. ಮಾಮನ ಮುಖ ನೋಡಿದಳು. ಬಾಯಿಗೆ ಹಾಕಿದ ಬೀಗ ಎಂದೋ ತೆರೆದಿತ್ತು ಎಂದು ಅರ್ಥವಾಯಿತು.

“ಹೇಳ್ಬಿಟ್ರಾ?”

“ಮಾಮ ಒಬ್ಬರಿಗೇ,” ಎಂದ ಗಂಡ ತಲೆ ಕೆರೆದುಕೊಳ್ಳುತ್ತ. “ಆಮೇಲೆ ಇವರಿಗೆ. ಆಮೇಲೆ ಅವರಿಗೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಗುತ್ತಲೇ ಅತ್ತಳು, ಅಳುತ್ತಲೇ ಗದರಿದಳು.

“ಅಧ್ಯಕ್ಷರೇ, ಕಾಲು!” ಎಂದು ಮೇಜಿನಿಂದ ಕ್ಷೀಣ ಧ್ವನಿ ಬಂತು.

“ಅಯ್ಯೋ ಪಾಪ! ಎತ್ರೋ, ಎತ್ರೋ!” ಅದೇ ಅವಳು ಅಧ್ಯಕ್ಷೆಯಾಗಿ ಕೊಟ್ಟ ಮೊದಲ ಅಪ್ಪಣೆ.

ಎಲೆಕ್ಟ್ರಿಷಿಯನ್ನನ ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದ ಮೇಲೆ ಅವಳ ಫೋಟೋ ಬಂತು. ಅದರಲ್ಲೂ ಟೇಪು ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದಳು. ಬೇರೆ ತೆಗೆಸೋಣ ಎಂದ ಗಂಡ. ಇದೇ ಇರಲಿ ಎಂದಳು. ಹಾಲಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸ್ಟೂಲು ಹಾಕಿ ಹತ್ತಿದಳು. ಮೊಳೆ ಇತ್ತು, ಜಾಗ ಸಾಲದು. ಅಪ್ಪನ ಫೋಟೋದ ಕಟ್ಟು ಅಗಲ, ಅದೂ ವರ್ಷಗಳಿಂದ ಇತ್ತ ವಾಲಿಕೊಂಡು ಬಂದಿತ್ತು. ಅವಳು ಅದರ ಅಂಚಿಗೆ ಮೆಲ್ಲಗೆ ಬೆರಳು ಕೊಟ್ಟಳು.

“ಅಪ್ಪಾ, ಒಂಚೂರು ಜರುಗು” ಎಂದಳು.