ಕ್ಲೇಚಾದ ಮೇಲಿನ ಕೈಯಿಲ್ಲದವನು

ಚೂರು ಅಂಟಿದೆ, ಉಸ್ತಾದ್ ಮುಅಯ್ಯದ್ ಅವರ ಅಂಗಿಯ ಎರಡನೆಯ ಗುಂಡಿಯ ಹತ್ತಿರ, ಕಂದು ಬಣ್ಣದ ಚೂರು, ನಮ್ಮ ಮನೆಯ ಕ್ಲೇಚಾದ್ದೇ, ಹಬ್ಬಕ್ಕೆಂದು ಅಮ್ಮ ಏಲಕ್ಕಿ ಹಾಕಿ ಖರ್ಜೂರ ತುಂಬಿ ಸುಟ್ಟದ್ದು, ಬೆಳಿಗ್ಗೆ ನಾನು ಡಬ್ಬಿ ಚಾಚಿ ಈದ್ ಸಿಹಿ ತಗೊಳ್ಳಿ ಉಸ್ತಾದ್ ಅಂದಾಗ ಎರಡು ತಿಂದರು, ಮೂರನೆಯದನ್ನು ಮಾತ್ರ ತಿನ್ನಲಿಲ್ಲ, ಕಿಟಕಿಯ ಬೆಳಕಿಗೆ ಹಿಡಿದರು, ಕನ್ನಡಕವನ್ನು ಹಣೆಗೇರಿಸಿ ಅದರ ಮೈಮೇಲಿನ ಗೆರೆಗಳನ್ನು ನೋಡಿದರು, ಆಮೇಲೆ ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದರು, ಮೊಮ್ಮಗಳಿಗೆ ಒಂದಿರಲಿ ಕಣಮ್ಮಾ ಅಂದರು — ಮೊಮ್ಮಗಳಂತೆ! ಈ ಮನುಷ್ಯನಿಗೆ ಮದುವೆಯೇ ಆಗಿಲ್ಲ ಅಂತ ತಬಾರಕ್ ಹೇಳಿದ್ದಳು, ಅಕ್ಕನ ಮೊಮ್ಮಗಳಿರಬಹುದು, ತಮ್ಮನ ಮೊಮ್ಮಗಳಿರಬಹುದು, ಇರಲಿ, ಆದರೆ ತಿನ್ನುವ ಪದಾರ್ಥವನ್ನು ಯಾರಾದರೂ ಹಾಗೆ ಪರೀಕ್ಷೆ ಮಾಡುತ್ತಾರೆಯೇ, ಪಕ್ಕದಲ್ಲಿ ಕುಳಿತ ಈ ತಬಾರಕ್ ಆರು ತಿಂದಳು, ಒಂದನ್ನಾದರೂ ತಿರುಗಿಸಿ ನೋಡಿದಳೇ, ನೇರ ಬಾಯಿಗೆ. ಹೊರಗೆ ನಮ್ಮ ನಾಸಿರಿಯಾ ಊರಿನ ಬಿಸಿಲು ಸುಡುತ್ತಿದೆ, ಒಳಗೆ ಪರದೆ ಎಳೆದಿದ್ದಾರೆ, ನಲವತ್ತು ಹುಡುಗ ಹುಡುಗಿಯರು ಬೆವರುತ್ತ ಕುಳಿತಿದ್ದೇವೆ, ಮೊದಲ ವರ್ಷ, ಪ್ರಾಚೀನ ನಾಗರಿಕತೆಗಳು, ಪರೀಕ್ಷೆಗೆ ಇನ್ನೆರಡು ವಾರ, ನೈಲ್ ಆಯಿತು, ಸಿಂಧೂ ಆಯಿತು, ಚೀನದ ಹಳದಿ ನದಿಯೂ ಆಯಿತು, ನಮ್ಮ ಎರಡು ನದಿಗಳನ್ನು ಮಾತ್ರ ಯಾಕೆ ಕೊನೆಗೆ ಇಟ್ಟುಕೊಂಡರು, ಮನೆ ಊಟ ಕೊನೆಗೆ ಕಣ್ರಪ್ಪಾ ಅಂದಿದ್ದರು ನಗುತ್ತ, ಆಗ ನಾನೂ ನಕ್ಕಿದ್ದೆ. ಈಗ ಅನ್ನಿಸುತ್ತಿದೆ, ಏನನ್ನೋ ಮನಸ್ಸಿನಲ್ಲಿಟ್ಟುಕೊಂಡೇ ಕಾದಿದ್ದರೇನೋ.

ತಪ್ಪು ನನ್ನದೇ, ಚಪ್ಪಟೆಯವನ್ನು ತರಬಾರದಿತ್ತು, ಸುರುಳಿ ಸುತ್ತಿ ಕತ್ತರಿಸಿದವನ್ನು ತಂದಿದ್ದರೆ ಈ ರಗಳೆಯೇ ಇರಲಿಲ್ಲ, ಅಮ್ಮ ಮೊದಲಿಂದಲೂ ಹೇಳುತ್ತಾಳೆ, ಸುರುಳಿಯದು ಬಂದವರಿಗೆ, ಚಪ್ಪಟೆಯದು ಮನೆಯವರಿಗೆ, ಯಾಕೆ ಅಂದರೆ ಬೀಬಿ ಹಾಗೆ ಮಾಡ್ತಿದ್ದಳು ಅನ್ನುತ್ತಾಳೆ, ಬೀಬಿ ಅಂದರೆ ಅಪ್ಪನ ತಾಯಿ, ನಾನು ಹುಟ್ಟುವ ಮೊದಲೇ ತೀರಿಕೊಂಡವಳು, ಸತ್ತವಳ ಹೆಸರು ಹೇಳಿದರೆ ಯಾರು ಹೋಗಿ ಕೇಳುತ್ತಾರೆ. ಬೇರೆ ಮನೆಗಳಲ್ಲಿ ಕ್ಲೇಚಾದ ಮೇಲೆ ಚಮಚದಿಂದ ಗೀರುತ್ತಾರೆ, ಬೀಗದ ಕೈ ಒತ್ತುತ್ತಾರೆ, ನಮ್ಮಲ್ಲಿ ಅಮ್ಮ ಬಾಗಿಲು ಹಾಕಿಕೊಂಡು ಕೊರಳಿನ ಕಪ್ಪು ದಾರ ಬಿಚ್ಚಿ ಅದರಲ್ಲಿನ ಕಲ್ಲನ್ನು ಹಿಟ್ಟಿನ ಮೇಲೆ ಉರುಳಿಸುತ್ತಾಳೆ, ಕಿರುಬೆರಳಿನಷ್ಟು ಕಲ್ಲು, ಮಧ್ಯೆ ತೂತು, ಉರುಳಿಸಿದರೆ ಮೇಕೆ, ಖರ್ಜೂರದ ಮರ, ಕುರ್ಚಿಯ ಮೇಲೆ ಕುಳಿತವನು, ಅವನೆದುರು ನಿಂತವನು, ನಿಂತವನ ತೋಳು ಮೇಲಕ್ಕೆದ್ದಿದೆ, ಮುಂದೆ ಕೈ ಇಲ್ಲ, ಅಲ್ಲಿ ಕಲ್ಲು ಎಗರಿಹೋಗಿದೆ, ಹಿಟ್ಟಿನ ಮೇಲೆ ಬರೀ ಒಂದು ಗುಬುಟು ಮೂಡುತ್ತದೆ. ಚಿಕ್ಕವರಾಗಿದ್ದಾಗ ನಾನೂ ತಮ್ಮ ಕರ್ರಾರನೂ ಕೈಯಿಲ್ಲದವನು ನನಗೆ ನನಗೆ ಅಂತ ಜಗಳವಾಡುತ್ತಿದ್ದೆವು. ಕೈ ಎಲ್ಲಿ ಹೋಯ್ತು ಯುಮ್ಮಾ ಅಂತ ಅಮ್ಮನನ್ನು ಕೇಳಿದರೆ, ಬೀಬಿ ಮದುವೆಯಾಗಿ ಬಂದ ವರ್ಷ ತಂದೂರಿನ ಕಲ್ಲಿನ ಮೇಲೆ ಬೀಳಿಸಿಬಿಟ್ಟಳು ಕಣೇ, ಬೀಬಿಗೆ ಎಲ್ಲಿ ಸಿಕ್ಕಿತು, ಹೊಲ ಉಳುವಾಗ ಸಿಕ್ಕಿತು, ಸುಮ್ನೆ ಹಿಟ್ಟು ನಾದು. ಹೊಲದಲ್ಲಿ ಸಿಕ್ಕಿದರೆ ಸಿಗಲಿ, ಅದರಲ್ಲೇನಿದೆ, ನಮ್ಮ ಕಡೆ ಯಾವ ಮುದುಕಿಯ ಕೊರಳಲ್ಲಿ ಇಂಥ ಕಲ್ಲಿಲ್ಲ ಹೇಳಿ, ಎದೆಯಲ್ಲಿ ಹಾಲು ಇಳಿಯಲಿ ಅಂತ ಬಾಣಂತಿಯರಿಗೆ ಕಟ್ಟುತ್ತಾರೆ, ಒಬ್ಬರಿಂದ ಒಬ್ಬರು ಕೇಳಿ ಪಡೆಯುತ್ತಾರೆ. ಹಾಗಿದ್ದರೆ ನಮ್ಮಮ್ಮ ಯಾಕೆ ಯಾರಿಗೂ ಕೊಡುವುದಿಲ್ಲ, ಚಿಕ್ಕಪ್ಪನ ಸೊಸೆ ಬಾಯಿಬಿಟ್ಟು ಕೇಳಿದಾಗ ಕಳೆದುಹೋಯ್ತು ಅಂದಳಲ್ಲ, ಕೊರಳಲ್ಲೇ ಇಟ್ಟುಕೊಂಡು! ಇವತ್ತು ಬೆಳಿಗ್ಗೆ ಡಬ್ಬಿ ಹಿಡಿದು ಹೊರಟಿದ್ದೆ, ಬಾಗಿಲ ತನಕ ಬಂದು ಯಾವುದು ಹಾಕ್ಕೊಂಡೆ ಅಂತ ಕೇಳಿದಳು, ಚಪ್ಪಟೆಯದು ಅಂದೆ, ಎರಡೂ ಕೆನ್ನೆಗೆ ಪಟಪಟ ಹೊಡೆದುಕೊಂಡಳು, ಅಯ್ಯೋ ನನ್ನ ಮನೆ ಹಾಳಾಯ್ತು, ಇಳಿಸು ಕೆಳಗೆ ಅಂದಳು, ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಓಡಿದೆ. ಕೆನ್ನೆಗೆ ಹೊಡೆತ ಅಂದರೆ ನನಗೆ ನೆನಪಾಗುವುದು ಒಂದೇ, ಅಪ್ಪ, ಜನ್ಮದಲ್ಲಿ ಒಂದೇ ಸಲ ನನಗೆ ಹೊಡೆದ, ನಾಲ್ಕು ವರ್ಷದವಳು ನಾನು, ಯುದ್ಧದ ವರ್ಷ, ಹೊಸಿಲಿನ ಹತ್ತಿರ ಆಡುತ್ತಿದ್ದೆ, ಯಾಕೆ ಹೊಡೆದನೋ ತಿಳಿಯದು, ಹೊಡೆದು ತಾನೇ ಗೋಡೆಗೆ ಮುಖ ಮಾಡಿ ಅತ್ತ. ಚೇಳಿತ್ತು ಕಣೇ, ಅದನ್ನ ನೀನು ಹಿಡಿಯೋಕೆ ಹೋಗಿದ್ದೆ, ಅದಕ್ಕೇ ಹೊಡೆದ ಅಂತ ಅಮ್ಮ ಹೇಳುತ್ತಾಳೆ. ಚೇಳು ಮಾತ್ರ ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ.

ಉಸ್ತಾದರು ಪ್ರೊಜೆಕ್ಟರ್ ಎದುರು ರಟ್ಟು ಅಡ್ಡ ಹಿಡಿದಿದ್ದಾರೆ, ಇದು ಇವರ ಅಭ್ಯಾಸ, ಚಿತ್ರವನ್ನು ಒಮ್ಮೆಗೇ ತೋರಿಸುವುದಿಲ್ಲ, ರಟ್ಟನ್ನು ಬೆರಳಗಲ ಬೆರಳಗಲ ಸರಿಸುತ್ತಾರೆ, ನೋಡ್ರಪ್ಪಾ, ಇದಕ್ಕೆ ಉರುಳು ಮುದ್ರೆ ಅಂತಾರೆ, ಹಸಿ ಮಣ್ಣಿನ ಮೇಲೆ ಉರುಳಿಸಿದರೆ ಇದೇ ಮಾಲೀಕನ ಸಹಿ, ಗಡಿಗೆಯ ಬಾಯಿಗೆ ಹಾಕು, ಉಗ್ರಾಣದ ಬಾಗಿಲಿಗೆ ಹಾಕು, ಮುಟ್ಟಿದವನು ಸಿಕ್ಕಿಬಿದ್ದ. ಮುಟ್ಟಿದವನು ಅನ್ನುವಾಗ ನನ್ನ ಕಡೆ ಯಾಕೆ ನೋಡಿದರು, ಅಥವಾ ಬಾಗಿಲ ಕಡೆ ನೋಡಿದರೋ, ನಾನು ಬಾಗಿಲ ಪಕ್ಕದಲ್ಲೇ ಇದ್ದೇನಲ್ಲ. ರಟ್ಟು ಸರಿಯಿತು, ಮೇಕೆ. ಇರಲಿ, ಎಲ್ಲರೂ ಮೇಕೆ ಕೊರೆಯುತ್ತಿದ್ದರು, ಮೇಕೆಗೇನು ಬರ. ಮತ್ತೆ ಸರಿಯಿತು, ಖರ್ಜೂರದ ಮರ, ಎಡಕ್ಕೆ ಮೂರು ಗರಿ, ಬಲಕ್ಕೆ ನಾಲ್ಕು — ನಮ್ಮದಕ್ಕೂ ಮೂರು, ನಾಲ್ಕು, ಅಮ್ಮ ಮೊಟ್ಟೆಯ ಹಳದಿ ಸವರುವಾಗ ನಾನು ಎಷ್ಟು ಸಲ ಎಣಿಸಿಲ್ಲ, ತಬಾರಕ್ ನನ್ನ ತೋಳು ತಿವಿದು ಏ ದುಹಾ, ಮುಖ ಯಾಕೆ ಹಾಗಾಯ್ತು, ನೀರು ಬೇಕಾ ಅಂತಾಳೆ, ಇವಳೂ ಗಮನಿಸುತ್ತಿದ್ದಾಳೆ, ಬೇಡ ಮಾರಾಯ್ತಿ ಸುಮ್ನಿರು. ಉಸ್ತಾದರು ಹೇಳುತ್ತಿದ್ದಾರೆ, ಇದು ನಮ್ಮೂರಾಚೆಯ ಹಳೇ ಪಟ್ಟಣದ ದಿಬ್ಬದ್ದೇ, ಎಂಬತ್ತೊಂಬತ್ತರಲ್ಲಿ ಅಗೆದಾಗ ಸಿಕ್ಕಿದ್ದು, ಆಗ ನಾನು ನಿಮ್ಮ ವಯಸ್ಸಿನ ಹುಡುಗ, ಮಣ್ಣಿನ ಮೇಲೆ ಉರುಳಿಸಿದ್ದು ಈ ಕೈಗಳೇ, ಆಗ ತೆಗೆದ ಫೋಟೋ ಇದು, ಆಮೇಲೆ ಉಗ್ರಾಣದ ಪೆಟ್ಟಿಗೆಗೆ ಹೋಯ್ತು, ಯುದ್ಧದ ವರ್ಷ ಏನಾಯ್ತು ಅಂತ ನಿಮಗೆ ಗೊತ್ತಲ್ಲ, ಅರ್ಧ ಊರೇ ಸಲಿಕೆ ಹಿಡಿದು ದಿಬ್ಬ ದೋಚೋಕೆ ನುಗ್ಗಿತು, ಆದರೆ ನಮ್ಮ ಉಗ್ರಾಣದ ಬಾಗಿಲಲ್ಲಿ ಒಬ್ಬ ಮನುಷ್ಯ ಹಳೇ ಬಂದೂಕು ಹಿಡ್ಕೊಂಡು ನಿಂತಿದ್ದ, ಮೂರು ಹಗಲು ಮೂರು ರಾತ್ರಿ, ಕಾವಲುಗಾರ ಚಾಸಿಬ್, ಇಲ್ಲೇ ಕೂತಿದ್ದಾಳೆ ಅವನ ಮಗಳು. ನಲವತ್ತು ತಲೆ ನನ್ನ ಕಡೆ ತಿರುಗಿದವು, ಯಾರೋ ಚಪ್ಪಾಳೆಯನ್ನೂ ತಟ್ಟಿದ. ಅಪ್ಪ ತೀರಿಕೊಂಡಾಗ ನಮ್ಮ ಕುಲದ ಹಿರಿಯ ಶೇಖ್ ಎಲ್ಲರೆದುರು ಹೇಳಿದ್ದರು, ಚಾಸಿಬ್ ಹಸಿದುಕೊಂಡು ಸತ್ತ, ಆದರೆ ಆ ದಿಬ್ಬದ ಒಂದು ಹಿಡಿ ಮಣ್ಣನ್ನೂ ಮನೆಗೆ ತರಲಿಲ್ಲ ಅಂತ, ಗುರುವಾರ ಇಲ್ಲಿ ವಿಭಾಗದ ಗೋಡೆಯ ಮೇಲೆ ಅಪ್ಪನ ಫೋಟೋ ಹಾಕುತ್ತಾರೆ, ಅಮ್ಮನಿಗೆ ಶಾಲು ಹೊದಿಸುತ್ತಾರೆ, ಅಮ್ಮ ಬರುವುದಿಲ್ಲ ಅನ್ನುತ್ತಿದ್ದಾಳೆ, ಮಂಡಿನೋವಂತೆ, ಸಂತೆಗೆ ಹೋಗುವಾಗ ಇಲ್ಲದ ಮಂಡಿನೋವು. ಉಸ್ತಾದರು ದನಿ ತಗ್ಗಿಸುತ್ತಾರೆ, ನಾಲ್ಕನೇ ದಿನ ನಾವು ಹೋಗಿ ಪಟ್ಟಿ ಹಿಡಿದು ನೋಡಿದ್ವಿ, ಎಲ್ಲಾ ಇತ್ತು, ಇದೊಂದು ಮಾತ್ರ ಇರಲಿಲ್ಲ, ಎಲ್ಲಿ ತಪ್ಪಿತೋ ದೇವರಿಗೇ ಗೊತ್ತು. ದೇವರಿಗೂ ಗೊತ್ತು, ನಿಮಗೂ ಗೊತ್ತು, ಜೇಬಿನಲ್ಲಿಟ್ಟುಕೊಂಡಿದ್ದೀರಲ್ಲ. ರಟ್ಟು ಮತ್ತೆ ಸರಿಯಿತು, ಕುರ್ಚಿಯ ಮೇಲೆ ಕುಳಿತವನು, ಅದೇ ಗಡ್ಡ, ಅದೇ ಬೋಳುತಲೆ. ಇನ್ನು ಉಳಿದವನು ಒಬ್ಬನೇ.

ಫಟ್, ಕತ್ತಲು, ಸರ್ಕಾರಿ ಕರೆಂಟು ಹೋಯಿತು, ಹುಡುಗರು ಹೋ ಅಂತ ಕೂಗಿದರು, ಫ್ಯಾನು ನಿಧಾನವಾಗಿ ನಿಂತಿತು, ಯಾರೋ ಉಸ್ತಾದ್ ಮನೆಗೆ ಬಿಡಿ ಅಂದ, ಕೂತ್ಕೊಳ್ರೋ, ಜನರೇಟರ್ ಹಾಕ್ತಾರೆ, ಐದೇ ನಿಮಿಷ. ಐದು ನಿಮಿಷ, ಸರಿ, ಯೋಚನೆ ಮಾಡು ದುಹಾ, ಲೆಕ್ಕ ಸುಲಭ, ಎಂಬತ್ತೊಂಬತ್ತರ ಫೋಟೋದಲ್ಲಿ ಆ ಮನುಷ್ಯನಿಗೆ ಕೈ ಇಲ್ಲದಿದ್ದರೆ ಅದು ನಮ್ಮದೇ ಕಲ್ಲು, ಎರಡು ಕಲ್ಲುಗಳಲ್ಲಿ ಎಗರಿದ ಜಾಗವೂ ಒಂದೇ ಆಗಲು ಸಾಧ್ಯವೇ ಇಲ್ಲ, ಆಗ ಬೀಬಿಯೂ ಸುಳ್ಳು, ಹೊಲವೂ ಸುಳ್ಳು, ಅಪ್ಪ — ಆ ಮಾತು ನಾನು ಆಡಲಾರೆ. ಕೈ ಇದ್ದರೆ ಅದು ಬೇರೆ ಕಲ್ಲು, ಕೊರೆಯುವವನು ಒಬ್ಬನೇ ಒಂದೇ ಚಿತ್ರವನ್ನು ಎರಡು ಕಲ್ಲಿಗೆ ಕೊರೆದಿರಬಹುದು, ಹೋದ ವಾರ ಉಸ್ತಾದರೇ ಹೇಳಿದರು, ಅವಳಿ ಮುದ್ರೆಗಳು ಬೇಕಾದಷ್ಟಿವೆ ಅಂತ, ಬೀಬಿಯದು ಅರವತ್ತು ವರ್ಷದ ಹಿಂದೆ ಮುರಿದದ್ದು, ಇದು ಮುರಿಯದ್ದು, ಮುಗಿಯಿತು, ಅಪ್ಪ ಗೋಡೆಯ ಮೇಲೆ, ಅಮ್ಮನಿಗೆ ಶಾಲು. ದೇವರೇ, ಆ ಮನುಷ್ಯನಿಗೆ ಒಂದು ಕೈ ಕೊಡು, ರಂಜಾನ್ ತಿಂಗಳ ಉಪವಾಸ ಹಿಡಿದಿದ್ದೇನೆ, ಬೇರೇನೂ ಕೇಳಿಲ್ಲ. ಅಪ್ಪ ಕಳ್ಳನಾಗಿದ್ದರೆ ಮಾರುತ್ತಿರಲಿಲ್ಲವೇ, ಸಲಿಕೆ ಹಿಡಿದವರೆಲ್ಲ ಮಾಳಿಗೆ ಕಟ್ಟಿಸಿದರು, ನಮ್ಮ ಮನೆಗೆ ಇನ್ನೂ ತಗಡಿನ ಬಾಗಿಲು, ಆ ವರ್ಷ ಅಮ್ಮನಿಗೆ ಹೊಟ್ಟೆಗೇ ಇರಲಿಲ್ಲ, ಕರ್ರಾರ ಹುಟ್ಟಿ ಒಂಬತ್ತು ದಿನ, ಬಾಂಬು ಬೀಳುತ್ತಿದ್ದವು, ಅಂಗಡಿಯಲ್ಲಿ ಹಾಲಿನ ಪುಡಿ ಇಲ್ಲ, ಎದೆಯಲ್ಲಿ ಹಾಲಿಲ್ಲ, ಮಗು ಅಳುವುದನ್ನೂ ನಿಲ್ಲಿಸಿತ್ತಂತೆ, ಆಮೇಲೆ ಒಂದೇ ದಿನದಲ್ಲಿ ಹಾಲು ಇಳಿಯಿತಂತೆ, ಬೀಬಿಯ ಕಲ್ಲು ಕಟ್ಟಿಕೊಂಡೆ ನೋಡು ಅನ್ನುತ್ತಾಳೆ ಅಮ್ಮ. ಕಲ್ಲು ಮನೆಯಲ್ಲೇ ಇದ್ದಿದ್ದರೆ ಒಂಬತ್ತು ದಿನ ಯಾಕೆ ಕಾದಳು. ಯಾಕೆ ಕಾದಳು? ಥೂ, ಇಂಥ ಯೋಚನೆಗಳೇ ಬರುತ್ತವೆ ನನಗೆ, ಹೆತ್ತವರನ್ನೇ ಅನುಮಾನಿಸುವವಳು ನಾನು, ಹೆಣ್ಣುಮಗಳು ಓದಿದರೆ ಹೀಗೇ ಅಂತ ಚಿಕ್ಕಪ್ಪ ಹೇಳಿದ್ದು ಸರಿಯೇ ಏನೋ. ಹಿತ್ತಲಲ್ಲಿ ಜನರೇಟರ್ ಕೆಮ್ಮುತ್ತಿದೆ, ಹಿಡಿಯಿತು.

ಪ್ರೊಜೆಕ್ಟರಿನ ನೀಲಿ ಬೆಳಕು ಬಂತು, ಮಸುಕು, ಇನ್ನೂ ಮಸುಕು, ಮೇಕೆ, ಮರ, ಕುರ್ಚಿ, ಉಸ್ತಾದರು ಈ ಸಲ ರಟ್ಟನ್ನು ಪೂರ್ತಿ ತೆಗೆದುಬಿಟ್ಟರು, ಕಣ್ಣು ಮುಚ್ಚಿಕೊಂಡೆ, ಬಿಟ್ಟೆ — ಇದೆ. ಕೈ ಇದೆ! ಎತ್ತಿದ ತೋಳು, ತೋಳಿನ ಕೊನೆಗೆ ಅಂಗೈ, ಅಂಗೈಗೆ ಬೆರಳುಗಳು, ಒಂದು ಎರಡು ಮೂರು ನಾಲ್ಕು ಐದು, ಗೋಡೆಯ ಮೇಲೆ ನನ್ನ ಮುಖದಷ್ಟು ದೊಡ್ಡದಾದ ಕೈ, ಅಯ್ಯೋ ದೇವರೇ ನೀನು ದೊಡ್ಡವನು, ನಮ್ಮದಲ್ಲ, ನಮ್ಮದಲ್ಲ, ಅಪ್ಪಾ ತಪ್ಪಾಯಿತು, ಮನಸ್ಸಿನಲ್ಲೇ ನಿನ್ನನ್ನು ಕಟಕಟೆಗೆ ಹತ್ತಿಸಿಬಿಟ್ಟಿದ್ದೆ, ಮನೆಗೆ ಹೋದವಳೇ ಅಮ್ಮನ ಮಂಡಿ ಹಿಡಿದು ಗುರುವಾರ ಬಾ ಯುಮ್ಮಾ ಅನ್ನುತ್ತೇನೆ, ನಗು ಬರುತ್ತಿದೆ, ತಬಾರಕಳ ತೊಡೆಗೆ ಹೊಡೆದೆ, ಇವಳಿಗೇನೋ ಬಂತು ಅಂದಳು. ಹೇಳ್ರಪ್ಪಾ, ಆ ಕೈ ಏನು ಮಾಡ್ತಿದೆ, ಉಸ್ತಾದರು ಕೇಳುತ್ತಿದ್ದಾರೆ, ಪರೀಕ್ಷೆಗೆ ಬರುತ್ತೆ. ಸಲಾಂ ಮಾಡ್ತಿದೆ ಉಸ್ತಾದ್, ದುವಾ ಕೇಳ್ತಿದೆ, ಬಸ್ಸು ನಿಲ್ಲಿಸ್ತಿದೆ ಅಂದ ಒಬ್ಬ, ಎಲ್ಲರೂ ನಕ್ಕರು, ದುಹಾ, ನೀನು ಹೇಳಮ್ಮಾ. ಎದ್ದು ನಿಂತೆ. ಎತ್ತಿದ ಕೈ, ಬಿರಿದ ಬೆರಳು, ಮೇಲಿಂದ ಬರುತ್ತಿದೆ, ಹೊಸಿಲು, ಸಿಮೆಂಟಿನ ಹೊಸಿಲು, ನನ್ನ ಬಾಯಲ್ಲಿ ಕಪ್ಪು ದಾರ, ದಾರದ ತುದಿಗೆ ತಣ್ಣಗಿನದು ಏನೋ, ಚೀಪುತ್ತಿದ್ದೇನೆ, ಅಮ್ಮ ನಿದ್ದೆ ಹೋಗಿದ್ದಾಳೆ, ಕರ್ರಾರನೂ, ಅಪ್ಪ ಬಂದೂಕನ್ನು ಗೋಡೆಗೆ ಒರಗಿಸಿ ಒಳಗೆ ಬಂದ, ಕೊಡು ಮಗಳೇ ಅದನ್ನ, ವಾಪಸ್ ಇಟ್ಟು ಬರ್ತೀನಿ, ನಾಳೆ ಅವರು ಪಟ್ಟಿ ಹಿಡ್ಕೊಂಡು ಬರ್ತಾರೆ, ನಾನು ಕೊಡಲಿಲ್ಲ, ಆಟ ಅಂದುಕೊಂಡೆ, ದಾರ ಹಿಡಿದು ಗರಗರ ತಿರುಗಿಸಿದೆ, ಟಿಕ್. ಸಣ್ಣ ಸದ್ದು, ಹಲ್ಲು ಮುರಿದ ಹಾಗೆ, ಹೊಸಿಲಿನ ಮೇಲೆ ಬಿಳಿ ಚೂರು, ಅಪ್ಪನ ಕೈ ಮೇಲೆದ್ದಿತು, ಆಮೇಲೆ ಗೋಡೆಗೆ ಮುಖ ಮಾಡಿದ ಅಪ್ಪನ ಬೆನ್ನು, ಇನ್ನು ಹೇಗೆ ಇಡಲೇ ಅದನ್ನ, ಯಾವ ಮುಖ ಇಟ್ಕೊಂಡು ಇಡಲಿ. ಚೇಳಿರಲಿಲ್ಲ. ಬೀಬಿ ಬೀಳಿಸಿದ್ದಲ್ಲ, ಕಲ್ಲಿನ ಆ ಕೈ ಮುರಿದದ್ದು ನಾನು. ಮೂರು ದಿನ ಬಾಗಿಲು ಕಾದವನು ಮಗುವಿನ ಹಾಲಿಗೆಂದು ಒಂದು ದಿನದ ಮಟ್ಟಿಗೆ ತಂದಿದ್ದ, ವಾಪಸ್ ಇಡಲು ಬಂದಿದ್ದ, ಬಿಟ್ಟಿದ್ದರೆ ಇಟ್ಟುಬಿಡುತ್ತಿದ್ದ. ದುಹಾ, ಹೇಳಮ್ಮಾ, ಇಲ್ಲಾಂದ್ರೆ ಕೂತ್ಕೋ, ಪರವಾಗಿಲ್ಲ, ಗುರುವಾರ ಅಪ್ಪನ ಫೋಟೋ ತರೋದು ಮಾತ್ರ ಮರೀಬೇಡ. ಉಸ್ತಾದರು ನನ್ನ ಮುಖವನ್ನೇ ನೋಡುತ್ತ ಜೇಬಿನಿಂದ ಕಾಗದ ತೆಗೆದರು, ಬಿಡಿಸಿದರು, ಮೂರನೆಯ ಕ್ಲೇಚಾವನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು, ಅಗಿದರು, ನುಂಗಿದರು, ಮೊಮ್ಮಗಳಿಗೆಂದದ್ದು, ಯಾಕೆ ತಿಂದರು, ಹಸಿದು ತಿಂದರೋ, ಗುರುತು ಉಳಿಯಬಾರದೆಂದು ತಿಳಿದೇ ತಿಂದರೋ, ಕೇಳಬೇಕು, ಕೂರಬೇಕು, ಕಾಲು ಮಡಚುತ್ತಿಲ್ಲ, ಗೋಡೆಯ ಮೇಲೆ ಕೈ, ಕೆನ್ನೆ ಬಿಸಿಯಾಗುತ್ತಿದೆ, ಒಂದು ಎರಡು ಮೂರು ನಾಲ್ಕು, ಐದೂ ಇವೆ, ಎತ್ತಿದ ಕೈ, ಇಳಿಯುವುದೇ ಇಲ್ಲ, ಎತ್ತಿದ ಕೈ