ಕೆಳಗಿನ ಡಬ್ಬಿ

ಬಾಗಿಯ ಕಣ್ಣಿಗೆ ತಕ್ಕಡಿ ಬೇಡ ಎಂದು ಗೇರುಬೀಜದ ಕಾರ್ಖಾನೆಯಲ್ಲಿ ಒಂದು ಮಾತಿತ್ತು. ಸುಲಿದ ಬೀಜವನ್ನು ಒಂದು ಹಿಡಿ ಮೇಜಿನ ಮೇಲೆ ಹರವಿದರೆ ಸಾಕು. ದೊಡ್ಡದು, ನಡುವಿನದು, ಸಣ್ಣದು, ಅಚ್ಚಬಿಳಿಯದು, ಬಣ್ಣ ಕಂದಿದ್ದು, ಆಯಾ ಡಬ್ಬಿಗೆ ಅವಳ ಬೆರಳು ತಾನಾಗಿ ಓಡುತ್ತಿತ್ತು. ಹನ್ನೆರಡು ವರ್ಷದಲ್ಲಿ ಅವಳು ಆರಿಸಿದ ಮಾಲಿನ ಮೇಲೆ ಕಡಲಾಚೆಯಿಂದ ಒಂದು ದೂರು ಬಂದದ್ದಿಲ್ಲ. ಕೆಲಸಕ್ಕೆ ಸೇರಿದ ದಿನ ಹಳೆಯ ಹೆಂಗಸೊಬ್ಬಳು ಹೇಳಿಕೊಟ್ಟ ಪಾಠವನ್ನು ಅವಳು ಬಿಟ್ಟವಳಲ್ಲ: ಇದೋ ಅದೋ ಎಂದು ಅನುಮಾನ ಬಂದರೆ ಕೆಳಗಿನ ದರ್ಜೆಯ ಡಬ್ಬಿಗೆ ಹಾಕು; ಕೊಂಡದ್ದಕ್ಕಿಂತ ಒಳ್ಳೆಯದು ಸಿಕ್ಕಿತೆಂದು ಯಾರೂ ಜಗಳಕ್ಕೆ ಬರುವುದಿಲ್ಲ.

ಮ್ಯಾಕ್ಸಿಮ್ ಮಾಸ್ಟ್ರು ಅವಳನ್ನು ಹುಡುಕಿಕೊಂಡು ಬಂದದ್ದು ಈ ಕಣ್ಣಿಗಾಗಿ. ಅವರು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಮದುವೆಯಾಗಿರಲಿಲ್ಲ, ದೇರೆಬೈಲಿನ ಮನೆಯಲ್ಲಿ ಅವರು ಮತ್ತು ಅವರ ವಿಧವೆ ಅಕ್ಕ ಸೆರಾಫಿನ್ ಬಾಯಿ, ಇಬ್ಬರೇ. ಪರದೇಶದ ಒಂದು ವೀಕ್ಷಣಾಲಯಕ್ಕೆ ಮೂರು ವರ್ಷ ಕಾಗದ ಬರೆದೂ ಬರೆದೂ, ಆಕಾಶದ ಫೋಟೋ ಮೂಡಿಸಿದ ಆರು ಗಾಜಿನ ಹಲಗೆಗಳನ್ನು ಎರಡು ವರ್ಷದ ಮಟ್ಟಿಗೆ ತರಿಸಿಕೊಂಡಿದ್ದರು. ಊರಿನಲ್ಲಿ ಕೆಲವರು ಇದನ್ನು ಮರುಳು ಎಂದರು. ಮರುಳೇ ಇರಬಹುದು, ಆದರೆ ಯಾರಿಗೂ ತೊಂದರೆ ಕೊಡುವ ಮರುಳಲ್ಲ.

ಮೊದಲ ಭಾನುವಾರ ಬಾಗಿ ತನ್ನ ಮನೆಯಿದ್ದ ಉರ್ವದಿಂದ ನಡೆದು ಹೋದಾಗ ಮಾಸ್ಟ್ರು ಒಂದು ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ತುಂಬ ಕಪ್ಪು ಚುಕ್ಕೆಗಳು, ನಡುನಡುವೆ ಬೂದಿ ಬಣ್ಣದ ಮಸುಕು ಕಲೆಗಳು.

"ಇದೆಂತ ಮಾಸ್ಟ್ರೇ, ನೊಣ ಕೂತು ಹೋದ ಹಾಗೆ ಉಂಟಲ್ಲ?"

"ನೊಣ ಅಲ್ಲ ಮಾರಾಯ್ತಿ! ಈ ಗಾಜಿನಲ್ಲಿ ಬೆಳಕೆಲ್ಲ ಕಪ್ಪಾಗಿ ಬೀಳ್ತದೆ. ಚೂಪು ಚುಕ್ಕೆ ಇದ್ದದ್ದು ನಕ್ಷತ್ರ. ಈ ಮೊಟ್ಟೆಯ ಹಾಗೆ ಉದ್ದುರುಟು ಕಲೆ ಉಂಟಲ್ಲ, ಇದು ನೀಹಾರಿಕೆ. ಒಂದೊಂದರ ಒಳಗೂ ಕೋಟಿಗಟ್ಟಲೆ ನಕ್ಷತ್ರ. ಅಷ್ಟು ದೂರದಿಂದ ಇಷ್ಟೇ ಕಾಣ್ತದೆ. ಇವುಗಳ ಗಾತ್ರ ಎಷ್ಟು, ಬೆಳಕು ಎಷ್ಟು ಅಂತ ನಾವು ಅಳೀಬೇಕು."

ಬಾಗಿ ಸ್ವಲ್ಪ ಹೊತ್ತು ನೋಡಿದಳು. "ಅಳೆದು ಎಂತ ಪ್ರಯೋಜನ? ಹತ್ತಿರದ ಸಣ್ಣದೂ ದೂರದ ದೊಡ್ಡದೂ ಕಣ್ಣಿಗೆ ಒಂದೇ ಹಾಗೆ ಅಲ್ವಾ?"

ಮಾಸ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಅಕ್ಕಾ, ಕೇಳಿದೆಯಾ? ನನ್ನ ಬಿ.ಎ. ಹುಡುಗರು ಒಬ್ಬರೂ ಇದನ್ನು ಕೇಳ್ಲಿಲ್ಲ!" ಎಂದು ಅಡುಗೆಮನೆಯ ಕಡೆಗೆ ಕೂಗಿದರು. ಮತ್ತೆ ಬಾಗಿಗೆ, "ಅದಕ್ಕೇ ಗುಂಪು ಬೇಕಾದ್ದು ಬಾಗಿಯಕ್ಕ. ಇವೆಲ್ಲ ಒಂದೇ ಗುಂಪಿನವು, ಒಂದೇ ಅಂಗಳದಲ್ಲಿ ನಿಂತ ಮನೆಯವರ ಹಾಗೆ. ನಮ್ಮಿಂದ ಎಲ್ಲರೂ ಹೆಚ್ಚುಕಡಿಮೆ ಒಂದೇ ದೂರ. ಇಲ್ಲಿ ಸಣ್ಣದಾಗಿ ಕಂಡದ್ದು ನಿಜಕ್ಕೂ ಸಣ್ಣದೇ" ಎಂದರು.

ಕೆಲಸ ಹೀಗಿತ್ತು. ಕಲೆಯ ಮೇಲೆ ಗೆರೆ ಕೊರೆದ ಗಾಜಿನ ಪಟ್ಟಿ ಇಟ್ಟು, ಭೂತಗನ್ನಡಿಯಲ್ಲಿ ನೋಡಿ ಎಷ್ಟು ಗೆರೆ ಅಗಲ ಎಂದು ಹೇಳುವುದು. ಅದು ಯಾರಿಗಾದರೂ ಆಗುವ ಕೆಲಸ. ಬೆಳಕಿನ ಅಳತೆ ಹಾಗಲ್ಲ. ಕಡುಕಪ್ಪಿನಿಂದ ಹಿಡಿದು ಕಂಡೂ ಕಾಣದ ಮಸುಕಿನವರೆಗೆ ಹನ್ನೆರಡು ಮಾದರಿ ಕಲೆಗಳ ಇನ್ನೊಂದು ಪಟ್ಟಿ ಇತ್ತು. ಹಲಗೆಯ ಕಲೆ ಅದರಲ್ಲಿ ಎಷ್ಟನೆಯದಕ್ಕೆ ಸಮ ಎಂದು ಬರೀ ಕಣ್ಣಿನಿಂದ ಹೇಳಬೇಕು. ಮಾಸ್ಟ್ರು ಮೊದಲು ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ ನೋಡಿದ್ದರು. ಬೆಳಿಗ್ಗೆ ಐದು ಎಂದವರು ಸಂಜೆಗೆ ಏಳು ಎನ್ನುತ್ತಿದ್ದರು. ಬಾಗಿಗೆ ಹೇಳದೆ ಮಾಸ್ಟ್ರು ಅದೇ ಹಲಗೆಯನ್ನು ತಿರುವಿ ಇಟ್ಟು ಒಂದು ತಿಂಗಳ ಮೇಲೆ ಮತ್ತೆ ಅಳೆಸಿದರು. ನೂರಕ್ಕೆ ತೊಂಬತ್ತೈದು ಕಲೆಗಳಿಗೆ ಅವಳು ಹಿಂದಿನ ಸಂಖ್ಯೆಯನ್ನೇ ಹೇಳಿದಳು. ಆ ದಿನದಿಂದ ಅವರು ಅವಳ ಮಾತನ್ನು ಎರಡನೇ ಸಲ ಕೇಳಲಿಲ್ಲ. ಅವಳು ಹೇಳುವುದು, ಅವರು ಬರೆಯುವುದು.

ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಅಪ್ಪಿ ಬಿಡುತ್ತಿರಲಿಲ್ಲ. "ಆಕಾಶದ ಬೀಜ ಆರಿಸುವವಳು ಬಂದಳು, ದಾರಿ ಬಿಡಿ! ಎಷ್ಟು ಪೌಂಡು ತೂಗ್ತದೆ ಬಾಗಿ, ನಿನ್ನ ನಕ್ಷತ್ರ?"

"ನಿನ್ನ ನಾಲಿಗೆಗಿಂತ ಹಗುರ ಉಂಟು, ಹೋಗು" ಎನ್ನುತ್ತಿದ್ದಳು ಬಾಗಿ.

ನಗುತ್ತಲೇ ಹೇಳಿದರೂ ಭಾನುವಾರ ಬರುವುದನ್ನು ಅವಳು ಕಾಯುತ್ತಿದ್ದಳು. ಗಂಡ ಸತ್ತು ಒಂಬತ್ತು ವರ್ಷ. ಅವಳು ಹೇಳಿದ ಮಾತನ್ನು ಒಬ್ಬ ಮನುಷ್ಯ ಕಿವಿಗೊಟ್ಟು ಕೇಳಿ, ಲೇಖನಿಯನ್ನು ಮಸಿಯಲ್ಲಿ ಅದ್ದಿ, ಅಂಕುಡೊಂಕು ಇಲ್ಲದ ಅಕ್ಷರದಲ್ಲಿ ಬರೆದಿಡುವುದು ಅವಳ ಬಾಳಿನಲ್ಲಿ ಹಿಂದೆ ನಡೆದದ್ದಿಲ್ಲ.

ಎರಡನೆಯ ವರ್ಷ ಮಳೆ ಮುಗಿಯುವ ಹೊತ್ತಿಗೆ ಮಾಸ್ಟ್ರ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ದೀಪಾವಳಿಗೆ ಅವರು ಹಾಸಿಗೆ ಹಿಡಿದರು. ಅಳೆಯುವ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಲೆಕ್ಕವನ್ನು ಅವರು ಮಲಗಿಕೊಂಡೇ ಮಾಡಿದರು. ಡಿಸೆಂಬರಿನ ಒಂದು ಬೆಳಿಗ್ಗೆ ಬಾಗಿಗೆ ಹೇಳಿಕಳುಹಿಸಿದರು.

ಬಾಗಿಲಲ್ಲಿ ಸೆರಾಫಿನ್ ಬಾಯಿ ಅವಳ ಕೈ ಹಿಡಿದು ನಿಲ್ಲಿಸಿದರು. "ಡಾಕ್ಟ್ರು ಹತ್ತು ದಿನ ಅಂತ ಹೇಳಿದ್ದಾರೆ ಬಾಗಿ. ಅವನು ಮಾತ್ರ ಮದುಮಗನ ಹಾಗೆ ನಗ್ತಾ ಇದ್ದಾನೆ. ಏನೋ ಸಿಕ್ಕಿದೆಯಂತೆ. ನೀನೂ ನಗು, ತಿಳಿಯಿತಾ?"

ಒಳಗೆ ಮಾಸ್ಟ್ರು ಬರೀ ಮೂಳೆಚಕ್ಕಳವಾಗಿದ್ದರು. ಎದೆಯ ಮೇಲೆ ಚೌಕಳಿ ಕಾಗದ ಹರವಿಕೊಂಡಿದ್ದರು. ಅದರ ಮೇಲೆ ನೂರಾರು ಚುಕ್ಕೆ.

"ಬಾಗಿಯಕ್ಕ, ಬನ್ನಿ. ಇದು ನಮ್ಮ ಎರಡು ವರ್ಷ. ಒಂದು ಕಲೆಗೆ ಒಂದು ಚುಕ್ಕೆ. ಅಡ್ಡಕ್ಕೆ ಗಾತ್ರ, ಮೇಲಕ್ಕೆ ಬೆಳಕು. ನೋಡಿ, ದೊಡ್ಡದಾದಷ್ಟು ಬೆಳಕು ಹೆಚ್ಚು, ಗೆರೆ ನೆಟ್ಟಗೆ ಬರ್ತಾ ಉಂಟು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಈಗ ಇಲ್ಲಿ ನೋಡಿ, ಮಸುಕಿನವು ಶುರುವಾದಲ್ಲಿ." ಅವರ ಬೆರಳು ಗೆರೆಯುದ್ದಕ್ಕೂ ಕೆಳಗಿಳಿಯಿತು. "ಗೆರೆ ಬಾಗ್ತದೆ. ಆ ಗಾತ್ರಕ್ಕೆ ಇರಬೇಕಾದ ಬೆಳಕು ಇಲ್ಲ. ಯಾರೂ ಇದನ್ನು ಹೇಳಿದ್ದಿಲ್ಲ. ಇದು ನಮ್ಮದು."

ಬಾಗಿ ನೋಡಿದಳು. ಓದು ಬರೆಹ ಬಾರದವಳಿಗೂ ಗೆರೆ ಎಲ್ಲಿ ಬಾಗಿತೆಂದು ಕಾಣುತ್ತದೆ. ಮೇಲಿನಿಂದ ಚೌಕ ಎಣಿಸಿದರೆ ಅದು ಬಾಗಿದ್ದು ಎಂಟನೆಯ ಮಾದರಿಯ ಆಚೆ. ಎಂಟರ ಆಚೆಗೆ ಕಲೆಗಳು ಎಷ್ಟು ತೆಳುವಾಗಿದ್ದವೆಂದರೆ ಒಂಬತ್ತೋ ಹತ್ತೋ ಎಂದು ಅವಳು ಪ್ರತಿ ಸಲ ತಡವರಿಸಿದ್ದಳು. ತಡವರಿಸಿದಾಗೆಲ್ಲ ಹತ್ತು ಎಂದಿದ್ದಳು, ಹತ್ತೋ ಹನ್ನೊಂದೋ ಎಂದಾಗ ಹನ್ನೊಂದು. ಯಾರೂ ಹೇಳಿ ಮಾಡಿಸಿದ್ದಲ್ಲ, ಬೆರಳಿಗೆ ಅಂಟಿದ ಅಭ್ಯಾಸ. ಆಟಿ ತಿಂಗಳ ಮಳೆಮೋಡದಲ್ಲಿ ಕಾರ್ಖಾನೆಯ ಕೆಳಗಿನ ಡಬ್ಬಿ ಬೇಗ ತುಂಬುತ್ತಿತ್ತು. ಬೀಜ ಕೆಟ್ಟದ್ದೆಂದಲ್ಲ, ಬೆಳಕು ಕಡಿಮೆಯಾಗಿ ಅನುಮಾನ ಹೆಚ್ಚಾದದ್ದರಿಂದ. ಇಲ್ಲಿಯೂ ನಡೆದದ್ದು ಅಷ್ಟೇ. ಆಕಾಶದಲ್ಲಿ ಗೆರೆ ಬಾಗಿರಲಿಲ್ಲ. ಬಾಗಿಸಿದವಳು ಇವಳು. ತಿಂಗಳು ಬಿಟ್ಟು ಮತ್ತೆ ಅಳೆದರೂ ಅದೇ ಸಂಖ್ಯೆ ಬಂದದ್ದು, ಅದೇ ತಪ್ಪನ್ನು ಅವಳು ಅಷ್ಟೇ ನಿಷ್ಠೆಯಿಂದ ಮಾಡಿದ್ದರಿಂದ.

ಅವಳು ಕಾಗದದಿಂದ ಕಣ್ಣು ತೆಗೆಯಲಿಲ್ಲ.

"ಎಂತ, ನೋಡ್ತಾನೇ ಇದ್ದೀರಲ್ಲ?" ಮಾಸ್ಟ್ರು ನಕ್ಕರು. "ವೀಕ್ಷಣಾಲಯಕ್ಕೆ ಕಾಗದ ಬರೆದಾಗಿದೆ. ಕಳಿಸುವ ಮೊದಲು ಕೇಳ್ತೇನೆ, ಅದು ನನ್ನ ಧರ್ಮ. ಅಳತೆಯಲ್ಲಿ ನಿಮಗೆ ಏನಾದರೂ ಅನುಮಾನ ಉಂಟಾ?"

ಹತ್ತು ದಿನ. ಆರು ಹಲಗೆ ಮತ್ತೆ ಅಳೆಯಲು ಹತ್ತು ತಿಂಗಳು ಸಾಲದು.

"ಎಂತ ಅನುಮಾನವೂ ಇಲ್ಲ ಮಾಸ್ಟ್ರೇ" ಎಂದಳು ಬಾಗಿ. "ಸರಿಯಾಗಿಯೇ ಉಂಟು."

ಅವರು ಕಣ್ಣು ಮುಚ್ಚಿಕೊಂಡು, ತುಂಬ ಹೊತ್ತು ಹಾಗೇ ನಗುತ್ತಿದ್ದರು. ಹತ್ತು ದಿನ ಎಂದದ್ದು ಆರಕ್ಕೇ ಮುಗಿಯಿತು.

ಏಳನೆಯ ದಿನದ ಚರ್ಚಿನ ಪೂಜೆ ಕಳೆದ ಮರುದಿನ ಬಾಗಿ ದೇರೆಬೈಲಿಗೆ ಹೋದಳು. ಹಲಗೆಗಳನ್ನು ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು. ಕಾಗದ ಮೇಜಿನ ಮೇಲಿತ್ತು. ಸೆರಾಫಿನ್ ಬಾಯಿ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತವರು. ತಮ್ಮನ ಕಾಗದವನ್ನು ದಿನಕ್ಕೆ ನಾಲ್ಕು ಸಲ ಓದುತ್ತಿದ್ದರು.

ಬಾಗಿ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು: ಬೀಜದ ಡಬ್ಬಿ, ಎಂಟರ ಆಚೆಯ ಮಸುಕು, ಬಾಗಿದ ಗೆರೆ. ಸೆರಾಫಿನ್ ಬಾಯಿ ಕೇಳುತ್ತ ಕೇಳುತ್ತ ಬಿಳಿಚಿಕೊಂಡರು.

"ಅವನಿಗೆ ಹೇಳಿದೆಯಾ?"

"ಇಲ್ಲ ಬಾಯಮ್ಮ."

"ಅವನಿಗೆ ಹೇಳದ್ದನ್ನು ನನಗೆ ಯಾಕೆ ಹೇಳ್ತೀ? ಮಕ್ಕಳಿಲ್ಲ, ಮರಿಯಿಲ್ಲ. ಅವನ ಹೆಸರಿಗೆ ಅಂತ ಉಳಿದದ್ದು ಇದೊಂದು ಕಾಗದ. ಅದನ್ನೂ ಕಿತ್ತುಕೊಳ್ಳಲಿಕ್ಕೆ ಬಂದೆಯಾ? ಯಾರಿಗೆ ಗೊತ್ತಾಗ್ತದೆ?"

"ಈಗ ಗೊತ್ತಾಗುವುದಿಲ್ಲ" ಎಂದಳು ಬಾಗಿ. "ಮುಂದೊಂದು ದಿನ ಯಾರಾದರೂ ಒಳ್ಳೆ ಕಣ್ಣಿನವರು ಅಳೀತಾರೆ. ಆಗ ಮ್ಯಾಕ್ಸಿಮ್ ಮಾಸ್ಟ್ರು ಸುಳ್ಳು ಬರೆದರು ಅಂತಾರೆ. ಬದುಕಿದ್ದರೆ ಅವರೇ ಇದನ್ನು ಹರಿದು ಹಾಕಿ, ಬನ್ನಿ ಬಾಗಿಯಕ್ಕ ಮೊದಲಿಂದ ಶುರು ಮಾಡುವ ಅಂತಿದ್ದರು. ನಿಮಗೆ ಗೊತ್ತಿಲ್ವಾ?"

ಸೆರಾಫಿನ್ ಬಾಯಿಗೆ ಗೊತ್ತಿತ್ತು. ಅದಕ್ಕೇ ಅವರು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಸಾವಿನ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಬಾಗಿ ಹತ್ತಿರ ಹೋಗಲಿಲ್ಲ, ದೂರವೂ ಸರಿಯಲಿಲ್ಲ.

ಕೊನೆಗೆ ಅವರು ಮುಖ ಒರೆಸಿಕೊಂಡು ಲೇಖನಿ ತೆಗೆದುಕೊಂಡರು. "ಎಂತ ಬರೀಬೇಕು, ಹೇಳು."

"ಎಂಟರ ಆಚೆಯ ಅಳತೆ ನಂಬಬೇಡಿ, ಅಳೆದವಳು ಅನುಮಾನ ಬಂದದ್ದನ್ನೆಲ್ಲ ಕೆಳಗೆ ಹಾಕಿದ್ದಾಳೆ ಅಂತ. ಎಂಟರ ಒಳಗಿನದ್ದು ಸರಿ ಉಂಟು, ಅದು ಮಾಸ್ಟ್ರದ್ದು ಅಂತ."

ಅವರು ಬರೆದರು. ಗೆರೆ ಬಾಗಿದ ವಿಷಯ ಇದ್ದ ಎರಡು ಪುಟವನ್ನು ಕಾಗದದಿಂದ ಬೇರೆ ತೆಗೆದಿಟ್ಟರು. ಕೊನೆಯ ಪುಟಕ್ಕೆ ಬಂದಾಗ ಕೈ ನಿಂತಿತು.

"ಇಲ್ಲಿ ನಿನ್ನ ವಿಷಯ ಉಂಟು."

"ನನ್ನದಾ?"

ಸೆರಾಫಿನ್ ಬಾಯಿ ಒಂದೊಂದೇ ಮಾತು ತಿರುಗಿಸಿ ಓದಿದರು. "'ಬೆಳಕಿನ ಅಳತೆಯೆಲ್ಲ ಉರ್ವದ ಬಾಗಿ ಎಂಬವರದ್ದು. ನನ್ನ ಲೆಕ್ಕದಲ್ಲಿ ತಪ್ಪಿದ್ದರೂ ಇರಬಹುದು, ಅವರ ಕಣ್ಣಿನಲ್ಲಿ ಇರಲಾರದು.'"

ಬಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದೊಂದು ಇರಲಿ ಬಾಗಿ" ಎಂದರು ಸೆರಾಫಿನ್ ಬಾಯಿ. "ನನ್ನ ಕೈಯಿಂದ ಇದನ್ನು ಹೊಡೆದು ಹಾಕಲಿಕ್ಕೆ ಆಗುವುದಿಲ್ಲ."

"ಅದರಲ್ಲಿ ನನ್ನ ಹೆಸರು ಯಾವುದು ಬಾಯಮ್ಮ?"

ಅವರು ಬೆರಳಿಟ್ಟು ತೋರಿಸಿದರು. ಬಾಗಿ ಬಗ್ಗಿ ನೋಡಿದಳು. ಪುಟ್ಟ ಪುಟ್ಟ ನಾಲ್ಕು ಇಂಗ್ಲಿಷ್ ಅಕ್ಷರ. ಮಾಸ್ಟ್ರ ಕೈ ಆಗಲೇ ನಡುಗುತ್ತಿದ್ದಿರಬೇಕು. ಆದರೂ ಆ ನಾಲ್ಕನ್ನು ಬಿಡಿಬಿಡಿಯಾಗಿ, ದುಂಡಗೆ ಬರೆದಿದ್ದರು. ಅವಳು ಲೇಖನಿಯನ್ನು ತೆಗೆದುಕೊಂಡಳು. ಹಿಡಿಯುವುದು ಹೇಗೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದು, ಆ ಸಾಲು ಶುರುವಾದಲ್ಲಿಂದ ಮುಗಿಯುವವರೆಗೆ ಅಕ್ಷರಗಳ ಮೇಲೆಯೇ ಒಂದು ಗೆರೆ ಎಳೆದಳು.