ವಿಮಾನಕ್ಕೆ ಮಾಯಮ್ಮನ ಹರಳೆಣ್ಣೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಗಾವಡಗೆರೆಗೆಲ್ಲ ಗೊತ್ತು. ಅದಕ್ಕೇ ಕಿರಿಮಗಳು ರಮ್ಯಶ್ರೀ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ ಕಟ್ಟುತ್ತಿರುವ ಸುದ್ದಿಯನ್ನು ಮೊದಲು ತನ್ನ ಅವ್ವನಿಗೆ ಹೇಳಿದ್ದು, ನನಗಲ್ಲ. ಹುಣಸೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮನೆಗೆ ಕೊಟ್ಟು ಮಿಕ್ಕ ಸಂಬಳದಲ್ಲಿ ಯಾರೋ ಬಳಸಿ ಬಿಟ್ಟ ಎಂಜಿನ್ ಕೊಂಡು, ರೆಕ್ಕೆ ಬಾಲಗಳನ್ನು ತಾನೇ ಕಟ್ಟಿದ್ದಳು. ಆ ಎಂಜಿನ್ ಕೆಟ್ಟರೆ ಇನ್ನೊಂದು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ನಾನು ಕೊಡಿಸುವವನೂ ಅಲ್ಲ.

ಎಂಜಿನ್ನೇನೋ ಬಂತು, ಅದರ ಹೊಟ್ಟೆಗೇನು ಹಾಕುವುದು?

"ಪೆಟ್ರೋಲ್ ಆಕವ್ವ, ನನ್ ಬೈಕು ಓಡಲ್ವಾ?" ಅಂದ ಪಕ್ಕದ ಮನೆಯ ಪುಟ್ಟಸ್ವಾಮಿ.

"ಇದು ಪೆಟ್ರೋಲ್ ಕುಡಿಯಲ್ಲ ಕಣಣ್ಣ" ಅಂದಳು ರಮ್ಯ. ಡಬ್ಬದಲ್ಲಿ ಸಿದ್ಧವಾಗಿ ಬರುವ ಇಂಧನದಲ್ಲಿ ನೈಟ್ರೋ ಅನ್ನುವುದೊಂದು ಇರುತ್ತದಂತೆ. ಬಲ ಹೆಚ್ಚು, ಬೆಲೆಯೂ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚುವವಳು ಅವಳು. "ನಂಗೆ ರೇಸ್ ಬ್ಯಾಡ, ಆರಾಡಿದ್ರೆ ಸಾಕು" ಅಂತ ಅದನ್ನು ಬಿಟ್ಟಳು. ನಾಲ್ಕು ಪಾಲು ಮೆಥನಾಲ್, ಒಂದು ಪಾಲು ಹರಳೆಣ್ಣೆ ಎಂದು ತೀರ್ಮಾನವಾಯಿತು. ಮೆಥನಾಲ್ ಉರಿಯುವುದಕ್ಕೆ, ಎಣ್ಣೆ ಒಳಗಿನ ಲೋಹ ಸವೆಯದಿರುವುದಕ್ಕೆ.

ಹರಳೆಣ್ಣೆ ಅಂದದ್ದೇ ತಡ, ನನ್ನ ಹೆಂಡತಿ ಮಾಯಮ್ಮ ಸೆರಗು ಸಿಕ್ಕಿಸಿ ನಿಂತಳು. ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ ಎಣ್ಣೆ ತೆಗೆದು, ಚಟಪಟ ಸದ್ದು ನಿಲ್ಲುವ ತನಕ ಕಾಯಿಸುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ಇದನ್ನು ಅವಳೇ ಹೇಳಿಕೊಳ್ಳುತ್ತಾಳೆ, ಆದರೂ ನಿಜ.

ಭಾನುವಾರ ಬೆಳಿಗ್ಗೆ, ಕೊಯ್ಲು ಮುಗಿದಿದ್ದ ರಾಗಿ ಹೊಲದಲ್ಲಿ ಬೀದಿಯೆಲ್ಲ ಸೇರಿತು. ರಮ್ಯ ಮೆಥನಾಲಿಗೆ ಅವ್ವನ ಎಣ್ಣೆ ಸುರಿದು, ಸೀಸೆ ಕುಲುಕಿ ಬೆಳಕಿಗೆ ಹಿಡಿದಳು. ಬರೀ ಹರಳೆಣ್ಣೆಯಾಗಿದ್ದರೆ ಕರಗಿ ತಿಳಿಯಾಗಬೇಕಿತ್ತಂತೆ. ಇದು ನೀರು ಮಜ್ಜಿಗೆಯ ಹಾಗೆ ಮಸುಕಾಗಿ, ನೋಡನೋಡುತ್ತ ಒಂದು ಪದರ ತಳಕ್ಕಿಳಿಯಿತು.

"ಅವ್ವಾ, ಇದ್ಕೆ ಏನಾರ ಬೆರೆಸಿದ್ಯಾ?"

"ಬರೀ ಅಳ್ಳೆಣ್ಣೆ ಅಂಟು ಕಣವ್ವ. ತಲೆಗೆ ಅಚ್ಚೋವಾಗ ಬೆರೆಸಲ್ವಾ, ಅಂಗೇ ವಸಿ ಕೊಬ್ರಿ ಎಣ್ಣೆ ಆಕಿವ್ನಿ. ಸಲೀಸಾಗಿ ಓಡ್ಲಿ ಅಂತ."

ಮಗಳು ಒಮ್ಮೆ ಸೀಸೆಯನ್ನು, ಒಮ್ಮೆ ಅವ್ವನನ್ನು ನೋಡಿದಳು. ಅದನ್ನೇ ತುಂಬಿದರೆ ಎಣ್ಣೆ ಸರಿಯಾಗಿ ಒಳಹೋಗದೆ ಎಂಜಿನ್ ಬಿಗಿದುಕೊಳ್ಳುತ್ತದೆ. ತುಂಬದಿದ್ದರೆ ಅಷ್ಟು ಜನರ ಮುಂದೆ ಅವ್ವನ ಎಣ್ಣೆಗೆ ಅವಮಾನ.

"ಆಗಲ್ಲ ಕಣವ್ವ. ಇದ್ನ ಆಕಿದ್ರೆ ಎಂಜಿನ್ ಸತ್ತೋಯ್ತದೆ."

ನಾನು ರೇಗಿದೆ. "ಎತ್ತೋಳ್ಗೆ ಇಂಗಾ ಮಾತಾಡೋದು? ಸುಮ್ನೆ ಆಕು!"

"ಆಕಲ್ಲ ಕಣಪ್ಪ."

 ಸೀಸೆಯ ಮುಚ್ಚಳ ಬಿಗಿದು ಪಕ್ಕಕ್ಕಿಟ್ಟಳು.

ಮಾಯಮ್ಮ ಸರ್ರನೆ ತಿರುಗಿ ಮನೆ ಕಡೆ ನಡೆದಳು. ಇನ್ನು ಎರಡು ದಿನ ನಮಗೆ ಗಂಜಿಯೇ ಗತಿ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಚಿಕ್ಕ ಗಾಜಿನ ಸೀಸೆ ಹಿಡಿದು ವಾಪಸ್ ಬಂದಳು. ಹಿರಿಮಗಳು ಬೃಂದಾ ಹೆರಿಗೆಗೆ ಬಂದಿದ್ದಾಳೆ, ಹುಟ್ಟುವ ಕೂಸಿನ ನೆತ್ತಿಗೆಂದು ತೆಗೆದಿಟ್ಟ ಎಣ್ಣೆ ಅದು. ನನಗೆ ಮುಟ್ಟಲೂ ಬಿಟ್ಟಿರಲಿಲ್ಲ.

"ತಕಾ. ಮಗೀನ ನೆತ್ತಿಗೆ ಯಾರಾದ್ರೂ ಬೆರಕೆ ಇಡ್ತಾರಾ?"

"ಕೂಸಿಗೆ ಏನ್ ಮಾಡ್ತೀಯವ್ವ?"

"ಅಳ್ಳು ಅಟ್ಟದ ಮ್ಯಾಲೈತೆ, ಕೈ ಗಟ್ಟಿಯಾಗೈತೆ. ಇನ್ನೊಂದ್ಸಲ ಬೇಯಿಸ್ತೀನಿ ಬುಡು."

ಈ ಸಲ ಬೆರೆಸಿದ್ದು ತಿಳಿನೀರಿನಂತಾಯಿತು. ರಮ್ಯ ಅದನ್ನು ಟ್ಯಾಂಕಿಗೆ ತುಂಬಿ, ವಿಮಾನವನ್ನು ನನ್ನ ಕೈಗೆ ಕೊಟ್ಟು, ಮುಂದಿನ ಫ್ಯಾನನ್ನು ಕೋಲಿನಿಂದ ತಿರುವಿದಳು. ಒಮ್ಮೆ ಕೆಮ್ಮಿತು, ಮತ್ತೊಮ್ಮೆ ತಿರುವಿದಾಗ ಜೋರಾಗಿ ಕೂಗಿತು. ರಿಮೋಟ್ ಎತ್ತಿಕೊಂಡು "ಎಸೀಯಪ್ಪ!" ಅಂದಳು. ಎಸೆದೆ. ಅದು ಒಂದಿಷ್ಟು ಕೆಳಗೆ ವಾಲಿ, ಸಾವರಿಸಿಕೊಂಡು, ಹೊಂಗೆಮರ ದಾಟಿ ಮೇಲೇರಿತು. ಹೊಲದ ತುಂಬ ಕಾದ ಹರಳೆಣ್ಣೆಯ ವಾಸನೆ. ಮಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ನಗುತ್ತಿದ್ದಳು.

ಇಳಿಸಿದ ಮೇಲೆ ರಮ್ಯ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಸಲೀಸಾಗಿ ತಿರುಗಿತು. ಎಣ್ಣೆಗೈಯಲ್ಲೇ ಓಡಿ ಅವ್ವನನ್ನು ತಬ್ಬಿಕೊಂಡಳು.

ಪುಟ್ಟಸ್ವಾಮಿ ನನ್ನ ಮುಖ ನೋಡಿ ಹಲ್ಲು ಕಿರಿದ. ನನಗೂ ನಾಚಿಕೆಯಿಲ್ಲ, ಎದೆ ಉಬ್ಬಿಹೋಗಿತ್ತು. ಬೀದಿಗೆಲ್ಲ ಕೇಳುವಂತೆ ಕೂಗಿದೆ: "ನನ್ ಮಾತ ಕೇಳಿದ್ರೆ ಅದು ಇಲ್ಲೇ ಬಿದ್ದಿರೋದು ಕಣ್ರಲಾ! ಕೇಳ್ನಿಲ್ಲ ನೋಡಿ, ಅವ್ಳು ನನ್ ಮಗಳು!"